ಓದದವರ ಚಾಳೀಸು

ಬೆಂಗಳೂರಿನ ಅಲ್ಲಾಳಸಂದ್ರ ಗೇಟಿನ ಬಳಿ ಬಳ್ಳಾರಿ ರಸ್ತೆಗೆ ಗಾಜಿನ ಕಟ್ಟಡಗಳು ಬಂದಿವೆ. ರಸ್ತೆಯಾಚೆ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಹೊಲಗಳು ಇನ್ನೂ ಇವೆ. ಹೀಗೆ ಅರ್ಧ ಹಳ್ಳಿಯಾಗಿ ಉಳಿದ ಊರಲ್ಲಿ ಐವತ್ತರ ಹೆಂಗಸೊಬ್ಬಳನ್ನು ಕಣ್ಣು ಹೇಗಿದೆ ಎಂದು ಕೇಳಿ. ಕೆರೆಯ ಆಚೆ ದಡದಲ್ಲಿ ಯಾರು ಹೋದರೂ ಗುರುತು ಹಿಡೀತೀನಿ ಅಂತಾಳೆ. ಅಕ್ಕಿಯಲ್ಲಿ ಕಲ್ಲು ಆರಿಸಲು ಮಾತ್ರ ಸೊಸೆ ಬೇಕು, ಸೂಜಿಗೆ ದಾರ ಪೋಣಿಸಲು ಮೊಮ್ಮಗಳು. ಅದನ್ನು ಆಕೆ ಕಣ್ಣಿನ ತೊಂದರೆಯ ಲೆಕ್ಕಕ್ಕೆ ಹಿಡಿದೇ ಇಲ್ಲ, ವಯಸ್ಸಿನ ಖಾತೆಗೆ ಹಾಕಿ ಸುಮ್ಮನಾಗಿದ್ದಾಳೆ.

ಕಣ್ಣಿನ ಮಸೂರ ಜೀವಮಾನವಿಡೀ ಬೆಳೆಯುತ್ತದೆ. ಚರ್ಮದ ಹಾಗೆ ಹಳೆಯದನ್ನು ಉದುರಿಸದೆ, ಈರುಳ್ಳಿಯಂತೆ ಪದರದ ಮೇಲೆ ಪದರ ಸುತ್ತಿಕೊಳ್ಳುತ್ತದೆ. ಒಳಪದರಗಳು ಬರಬರುತ್ತ ಬಿರುಸಾಗುತ್ತವೆ. ಹತ್ತಿರದ್ದನ್ನು ನೋಡುವಾಗ ಸಿಲಿಯರಿ ಸ್ನಾಯು ಕುಗ್ಗುತ್ತದೆ, ಮಸೂರವನ್ನು ಎಳೆದು ಹಿಡಿದ ತಂತುಗಳು ಸಡಿಲಗೊಳ್ಳುತ್ತವೆ, ಆಗ ಮಸೂರ ತಾನಾಗಿ ಉಬ್ಬಬೇಕು. ಬಿರುಸಾದದ್ದು ಉಬ್ಬುವುದಿಲ್ಲ. ಹತ್ತರ ಮಗುವಿಗೆ ಎಂಟು ಹತ್ತು ಸೆಂಟಿಮೀಟರು ದೂರದ್ದೂ ಸ್ಪಷ್ಟ. ಐವತ್ತರ ಸುಮಾರಿಗೆ ಆ ಅಂತರ ಅರ್ಧ ಮೀಟರಿನ ಹತ್ತಿರ ಬರುತ್ತದೆ. ಇದಕ್ಕೂ, ಇದಕ್ಕೆ ಹಾಕುವ ಕನ್ನಡಕಕ್ಕೂ ಚಾಳೀಸು ಎಂದೇ ಹೆಸರು. ಇದು ರೋಗವಲ್ಲ, ಎಲ್ಲರಿಗೂ ಬರುವಂಥದು. ಕ್ಯಾರೆಟ್ ತಿಂದರೆ ನಿಲ್ಲದು, ಕನ್ನಡಕ ಹಾಕಿದರೆ ಹೆಚ್ಚಾಗದು.

2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ಚಾಳೀಸು ಬಂದವರು 180 ಕೋಟಿ. ಅವರಲ್ಲಿ ತಕ್ಕ ಕನ್ನಡಕವಿಲ್ಲದೆ ಹತ್ತಿರದ್ದು ಕಾಣದವರು 82.6 ಕೋಟಿ. ಮದ್ದು ಇಷ್ಟು ಅಗ್ಗವಿದ್ದೂ ಇಷ್ಟು ಜನ ಯಾಕೆ ಉಳಿದರು? ಬಡತನ ಒಂದು ಕಾರಣ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ನಾವು ಕಣ್ಣನ್ನು ಅಳೆಯುತ್ತ ಬಂದ ರೀತಿ. ಡಾ. ಎಂ. ಸಿ. ಮೋದಿ ಊರೂರಲ್ಲಿ ಕ್ಯಾಂಪು ಹಾಕಿ ಪೊರೆ ತೆಗೆದ ನಾಡು ನಮ್ಮದು. 1976ರಲ್ಲಿ ಶುರುವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮಕ್ಕೂ ಪೊರೆಯೇ ಮುಖ್ಯ ಗುರಿ. ಆ ಹೊತ್ತಿಗೆ ಅದು ಸರಿಯೇ. ಆದರೆ ಆರು ಮೀಟರು ದೂರದ ಪಟ್ಟಿಯಷ್ಟನ್ನೇ ತೋರಿಸುವ ಪರೀಕ್ಷೆಯಲ್ಲಿ ಚಾಳೀಸಿನವರು ಸಲೀಸಾಗಿ ಪಾಸಾಗುತ್ತಾರೆ, ಕಣ್ಣು ಚೆನ್ನಾಗಿದೆ ಎನಿಸಿಕೊಂಡು ಮನೆಗೆ ಹೋಗುತ್ತಾರೆ.

ಜೊತೆಗೆ, ಚಾಳೀಸು ಓದುವವರ ಸಾಮಾನು ಎಂಬ ನಂಬಿಕೆ. ಪೇಪರು ಓದದ ಅಜ್ಜಿಗೆ ಅದ್ಯಾಕೆ? ಅಲ್ಲಾಳಸಂದ್ರದಿಂದ ಅದೇ ರಸ್ತೆ ಹಿಡಿದು ದೇವನಹಳ್ಳಿ, ವಿಜಯಪುರ ದಾಟಿದರೆ ರೇಷ್ಮೆಯ ಶಿಡ್ಲಘಟ್ಟ. ಅಲ್ಲಿ ನೂಲು ಬಿಚ್ಚುವವರು ಬಿಸಿನೀರಲ್ಲಿ ತೇಲುವ ಗೂಡಿನಿಂದ ತಲೆಗೂದಲಿಗಿಂತ ತೆಳುವಾದ ಎಳೆಯ ತುದಿ ಹುಡುಕಬೇಕು, ಕಡಿದದ್ದನ್ನು ಕೂಡಲೇ ಕಂಡು ಜೋಡಿಸಬೇಕು. ಇದಕ್ಕಿಂತ ಸಣ್ಣ ಅಕ್ಷರ ಯಾವ ಪುಸ್ತಕದಲ್ಲಿದೆ!

ಅಸ್ಸಾಮಿನ ಚಹಾ ತೋಟಗಳಲ್ಲಿ ಇದನ್ನು ತೂಗಿಯೇ ನೋಡಿದ್ದಾರೆ. ನಲವತ್ತು ದಾಟಿದ 751 ಮಂದಿ ಚಿಗುರು ಕೀಳುವವರಲ್ಲಿ ಅರ್ಧದಷ್ಟು ಜನರಿಗೆ ಮೊದಲೇ ಕನ್ನಡಕ ಕೊಟ್ಟರು, ಉಳಿದವರಿಗೆ ಅಧ್ಯಯನ ಮುಗಿದ ಮೇಲೆ. ಋತು ಏರಿದಂತೆ ಎರಡೂ ಗುಂಪಿನ ಕೊಯ್ಲು ಏರಿತು. ಕನ್ನಡಕದವರದು ದಿನಕ್ಕೆ 5 ಕಿಲೋ ಹೆಚ್ಚು ಏರಿತು, ಸುಮಾರು ಶೇ 22ರಷ್ಟು. ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ 2018ರಲ್ಲಿ ಇದು ಪ್ರಕಟವಾಯಿತು. ಚಹಾ ಎಲೆಯ ಮೇಲೆ ಅಕ್ಷರ ಬರೆದಿರುವುದಿಲ್ಲ ತಾನೆ.

ನಮ್ಮಲ್ಲೂ ಗಾಳಿ ತಿರುಗುತ್ತಿದೆ. ರಾಜ್ಯ ಸರ್ಕಾರದ ಆಶಾಕಿರಣ ಯೋಜನೆಯಲ್ಲಿ ಮನೆಮನೆಗೆ ಹೋಗಿ ಕಣ್ಣು ನೋಡಿ, ಬೇಕಾದವರಿಗೆ ಉಚಿತ ಕನ್ನಡಕ ಕೊಡುತ್ತಾರೆ; ಮೊದಲ ಹಂತದಲ್ಲಿ ಚಿಕ್ಕಬಳ್ಳಾಪುರ, ಹಾವೇರಿ, ಕಲಬುರಗಿ, ಚಾಮರಾಜನಗರ ಜಿಲ್ಲೆಗಳಿದ್ದವು. ಶಿಡ್ಲಘಟ್ಟ ಚಿಕ್ಕಬಳ್ಳಾಪುರ ಜಿಲ್ಲೆಗೇ ಸೇರಿದ್ದು.

ರಸ್ತೆಬದಿಯ ರೆಡಿಮೇಡ್ ಕನ್ನಡಕವೂ ಬಹಳ ಮಂದಿಗೆ ಸಾಕಾಗುತ್ತದೆ. ಅದನ್ನು ಕೀಳಾಗಿ ಕಾಣಬೇಕಿಲ್ಲ. ಆದರೆ ಅದನ್ನು ಕೊಂಡಮಾತ್ರಕ್ಕೆ ಸಕ್ಕರೆ ಕಾಯಿಲೆಯವರು ಕಣ್ಣಿನ ತಪಾಸಣೆ ಬಿಡಬಾರದು. ಎಪ್ಪತ್ತರ ತಾತ ಚಾಳೀಸು ಎತ್ತಿಟ್ಟು 'ಈಗ ಹಾಗೇ ಕಾಣ್ತದೆ' ಎಂದು ಬೀಗಿದರೆ ಆಗಲೂ ವೈದ್ಯರ ಹತ್ತಿರ ಹೋಗಬೇಕು. ಪೊರೆ ಬಲಿಯುವಾಗ ಮಸೂರದ ಶಕ್ತಿ ಹೆಚ್ಚಿ ಹತ್ತಿರದ ನೋಟ ಕೆಲಕಾಲ ಮರಳುವುದುಂಟು.

ಇನ್ನು ಕನ್ನಡಕದ ನಂಬರು. ಅದನ್ನು ಸಾಮಾನ್ಯವಾಗಿ 40 ಸೆಂಟಿಮೀಟರಿಗೆ, ಅಂದರೆ ಪುಸ್ತಕ ಹಿಡಿಯುವ ದೂರಕ್ಕೆ ನೋಡುತ್ತಾರೆ. ಆ ದೂರಕ್ಕೆ ಒಟ್ಟು 2.5 ಡಯಾಪ್ಟರು ಬೇಕು, 60 ಸೆಂಟಿಮೀಟರಿಗೆ 1.7ರಷ್ಟು ಸಾಕು. ತೋಳಳತೆಯಲ್ಲಿ ಎಳೆ ನೋಡುವವರಿಗೆ ಪುಸ್ತಕದ ಕನ್ನಡಕ ಕೊಟ್ಟರೆ ಗೂಡು ಮಂಜಾಗಿ ಕಂಡು, ಅದು ಡಬ್ಬಿ ಸೇರುತ್ತದೆ. ನಂಬರು ಬರೆಯುವವರು ವಯಸ್ಸಿನ ಜೊತೆ ಕೆಲಸವನ್ನೂ ಕೇಳಬೇಕು. ಕೇಳದಿದ್ದರೆ ಹಾಕಿಸಿಕೊಳ್ಳುವವರೇ ಕೈ ಚಾಚಿ, ಇಷ್ಟು ದೂರಕ್ಕೆ ಎಂದು ತೋರಿಸಬಹುದು.