ಗಡಿ ದಾಟುವ ಲಾರಿಯ ರಹದಾರಿ



ಪೇಟೆಯಲ್ಲಿ ತೊಗರಿಬೇಳೆ ಕೊಳ್ಳುವಾಗ ನಾವು ಅದರ ಬೆಲೆಯನ್ನು ಕುರಿತು ಚರ್ಚಿಸುವೆವು. ಅದು ಯಾವ ದಾರಿಯಿಂದ, ಯಾವ ಏರ್ಪಾಡಿನ ಮೇಲೆ ಬಂತೆಂದು ವಿಚಾರಿಸುವುದು ಅಪರೂಪ. ತೊಗರಿ, ಹತ್ತಿ, ಭತ್ತಗಳನ್ನು ಬೆಳೆಯುವ ಯಾದಗಿರಿ ಸೀಮೆಯ ರಾಮಸಮುದ್ರವನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ. ಆ ಸೀಮೆಯು 1948ರವರೆಗೆ ನಿಜಾಮರ ಸಂಸ್ಥಾನಕ್ಕೂ, ಅನಂತರ 1956ರವರೆಗೆ ಹೈದರಾಬಾದು ರಾಜ್ಯಕ್ಕೂ ಸೇರಿತ್ತು. ಅಂದು ಅಲ್ಲಿಂದ ಹೈದರಾಬಾದಿಗೆ ಹೊರಟ ಬಂಡಿಯು ಒಂದೇ ಆಳ್ವಿಕೆಯೊಳಗೆ ಸಂಚರಿಸುತ್ತಿತ್ತು. 1956ರ ನವೆಂಬರ್ 1ರಂದು ರಾಜ್ಯಗಳು ಪುನರ್ವಿಂಗಡಣೆಯಾದಾಗ ದಾರಿ ಇದ್ದಲ್ಲೇ ಇತ್ತು. ಗಡಿ ಮಾತ್ರ ಅಡ್ಡ ಬಂತು. ಇಂದು ನೆರೆಯ ತೆಲಂಗಾಣದ ನಾರಾಯಣಪೇಟೆಗೆ ಹೋಗಿಬರುವುದೂ ಅಂತರರಾಜ್ಯ ಪ್ರಯಾಣವೇ.

ರಾಮಸಮುದ್ರದ ತರುಣನೊಬ್ಬನು ಸಾಲ ಮಾಡಿ ಲಾರಿಯೊಂದನ್ನು ಕೊಂಡು ಈ ಗಡಿಯಾಚೆ ಸರಕು ಸಾಗಿಸಲು ಇಚ್ಛಿಸಿದನೆಂದು ಭಾವಿಸೋಣ. ಅವನಿಗೆ ಏನೇನು ಬೇಕು?

ಮೊದಲನೆಯದು ವಾಹನದ ನೋಂದಣಿ. 1988ರ ಮೋಟಾರು ವಾಹನಗಳ ಕಾಯಿದೆಯ ಪ್ರಕಾರ ನೋಂದಣಿಯಿಲ್ಲದ ಗಾಡಿ ರಸ್ತೆಗೆ ಇಳಿಯಕೂಡದು. ಯಾದಗಿರಿಯ ಸಾರಿಗೆ ಕಚೇರಿಯಲ್ಲಿ ನೋಂದಾಯಿತವಾದ ಗಾಡಿಗೆ ಕೆ.ಎ. 33 ಎಂಬ ಗುರುತು ದೊರೆಯುತ್ತದೆ. ಬಾಡಿಗೆಯ ಗಾಡಿಯಾದುದರಿಂದ ಹಳದಿ ಫಲಕದ ಮೇಲೆ ಕಪ್ಪು ಅಕ್ಷರ. ನೋಂದಣಿಯ ಬೆನ್ನಿಗೇ ಯೋಗ್ಯತಾ ಪತ್ರವಿದೆ. 2018ರ ತಿದ್ದುಪಡಿಯಂತೆ ಹೊಸ ಲಾರಿಯನ್ನು ಮೊದಲ 2 ವರ್ಷ ಯೋಗ್ಯವೆಂದೇ ಎಣಿಸುತ್ತಾರೆ. ಅನಂತರ 8 ವರ್ಷ ತುಂಬುವವರೆಗೆ 2 ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು. ಯೋಗ್ಯತಾ ಪತ್ರದ ಅವಧಿ ಮುಗಿದರೆ ಸಾರಿಗೆ ವಾಹನದ ನೋಂದಣಿಯೇ ಸಿಂಧುವಲ್ಲವೆಂದು ಕಾಯಿದೆ ಹೇಳುತ್ತದೆ. ಒಂದು ಕಾಗದ ಬಿದ್ದರೆ ಅದಕ್ಕೆ ಆತುಕೊಂಡ ಇನ್ನೊಂದೂ ಬೀಳುವುದೆಂಬುದನ್ನು ಇಲ್ಲಿಯೇ ಕಾಣಬಹುದು.

ಎರಡನೆಯದು ಚಾಲಕನ ಲೈಸೆನ್ಸು. ಸಾರಿಗೆ ವಾಹನವನ್ನು ನಡೆಸುವವನಿಗೆ 20 ವರ್ಷ ತುಂಬಿರಬೇಕು. ಲಘು ವಾಹನದ ಲೈಸೆನ್ಸನ್ನು ಕನಿಷ್ಠ ಒಂದು ವರ್ಷ ಹೊಂದಿದ್ದವನಿಗೆ ಮಾತ್ರ ಈ ವಿದ್ಯೆಯನ್ನು ಕಲಿಯಲು ಅನುಮತಿ.

ಮೂರನೆಯದು ರಹದಾರಿ, ಎಂದರೆ ಪರ್ಮಿಟ್ಟು. ಹೊರೆಯೂ ಸೇರಿ ಒಟ್ಟು ತೂಕ 3,000 ಕಿಲೋಗ್ರಾಮನ್ನು ಮೀರದ ಸಣ್ಣ ಸರಕು ಗಾಡಿಗಳಿಗೆ ಕಾಯಿದೆ ಇದರಿಂದ ವಿನಾಯಿತಿ ಕೊಟ್ಟಿದೆ. ಅದಕ್ಕಿಂತ ದೊಡ್ಡ ಲಾರಿಗೆ ಇಲ್ಲ. ನೋಂದಣಿಯು ಗಾಡಿ ಯಾರದೆಂದು ಹೇಳುತ್ತದೆ. ರಹದಾರಿಯು ಆ ಗಾಡಿ ಎಲ್ಲಿ, ಯಾವ ಕೆಲಸಕ್ಕೆ ಓಡಬಹುದೆಂದು ಹೇಳುತ್ತದೆ. ಒಂದು ರಾಜ್ಯ ಕೊಟ್ಟ ರಹದಾರಿಯು ಮತ್ತೊಂದು ರಾಜ್ಯದಲ್ಲಿ ಸಲ್ಲಬೇಕಾದರೆ ಆ ರಾಜ್ಯದ ಪ್ರತಿಸಹಿ ಬೇಕೆಂಬುದು ಸಾಮಾನ್ಯ ನಿಯಮ. ದೇಶವೆಲ್ಲ ಸುತ್ತುವ ಲಾರಿಗೆ ಇದು ದುಸ್ಸಾಧ್ಯವಷ್ಟೆ! ಇದಕ್ಕೆ ಪರಿಹಾರವಾಗಿ ಬಂದುದು ರಾಷ್ಟ್ರೀಯ ರಹದಾರಿ. ಮೊದಲು ಸ್ವಂತ ರಾಜ್ಯವೂ ಸೇರಿ ಕನಿಷ್ಠ 4 ರಾಜ್ಯಗಳನ್ನು ಆರಿಸಿಕೊಂಡು ಬೇರೆ ಬೇರೆಯಾಗಿ ಹಣ ಕಟ್ಟಬೇಕಾಗಿತ್ತು. 2010ರ ಮೇ ತಿಂಗಳಿಂದ ಅದು ಹೋಗಿ, ದೇಶಕ್ಕೆಲ್ಲ ಒಂದೇ ವಾರ್ಷಿಕ ಶುಲ್ಕ ಬಂತು. ಆಗ 15,000 ರೂಪಾಯಿ, 2012ರಲ್ಲಿ 16,500 ರೂಪಾಯಿ.

ಇಲ್ಲಿ ಹೊಸಬರು ಎಡವುವ ಎರಡು ಕಡೆಗಳಿವೆ. ರಹದಾರಿಯ ಆಯುಸ್ಸು 5 ವರ್ಷ. ಹೊರರಾಜ್ಯಗಳಲ್ಲಿ ಓಡಲು ಕೊಡುವ ಅಧಿಕಾರಪತ್ರದ ಆಯುಸ್ಸು ಒಂದೇ ವರ್ಷ. ಮೊದಲನೆಯದು ಕೈಯಲ್ಲಿದೆಯೆಂದು ಎರಡನೆಯದನ್ನು ಮರೆಯುವ ಹಾಗಿಲ್ಲ. ಮತ್ತೊಂದು: ರಾಮಸಮುದ್ರದ ಲಾರಿಯು ನಾರಾಯಣಪೇಟೆಯಲ್ಲಿ ಸರಕನ್ನು ಇಳಿಸಬಹುದು, ಅಲ್ಲಿಂದ ಕರ್ನಾಟಕಕ್ಕೆ ಹೊಸ ಸರಕು ತರಬಹುದು, ಆದರೆ ನಾರಾಯಣಪೇಟೆಯಲ್ಲಿ ತುಂಬಿಸಿ ಹೈದರಾಬಾದಿನಲ್ಲಿ ಇಳಿಸಕೂಡದು. ಪರರಾಜ್ಯದ ಎರಡು ಊರುಗಳ ನಡುವಣ ಬಾಡಿಗೆ ಆ ರಾಜ್ಯದ ಲಾರಿಗಳಿಗೆ ಮೀಸಲು.

ಇನ್ನು ವ್ಯಾಪಾರದ ನೋಂದಣಿ. ಲಾರಿಯನ್ನು ನೋಂದಾಯಿಸಿದ ಮಾತ್ರಕ್ಕೆ ಸಾಗಾಣಿಕೆಯ ಉದ್ಯಮ ನೋಂದಣಿಯಾದಂತಲ್ಲ. ಎಲ್ಲರಿಂದಲೂ ಸರಕನ್ನು ಸ್ವೀಕರಿಸಿ, ರಸೀದಿ ಕೊಟ್ಟು, ಬಾಡಿಗೆಗೆ ಸಾಗಿಸುವವನು ಸಾರ್ವಜನಿಕ ವಾಹಕನೆನಿಸುತ್ತಾನೆ. 1865ರ ಹಳೆಯ ಕಾಯಿದೆಯ ಸ್ಥಾನದಲ್ಲಿ ಬಂದ 2007ರ ರಸ್ತೆ ಸಾಗಣೆ ಕಾಯಿದೆಯು 2011ರ ಮಾರ್ಚ್ 1ರಿಂದ ಜಾರಿಯಲ್ಲಿದ್ದು, ಅಂಥವನು ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಬೇಕೆಂದು ವಿಧಿಸುತ್ತದೆ. ಆ ಪತ್ರಕ್ಕೆ 10 ವರ್ಷದ ಅವಧಿ. ಸರಕು ಹಾಳಾದರೆ ಹೊಣೆ ಯಾರದೆಂಬುದನ್ನು ನಿಷ್ಕರ್ಷಿಸಲು ಆ ರಸೀದಿಯೇ ಆಧಾರ.

ಸರಕಿಗೂ ಕಾಗದವುಂಟು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಬಂದ ಮೇಲೆ ಅನೇಕ ರಾಜ್ಯಗಳ ಗಡಿಯ ತೆರಿಗೆ ಠಾಣೆಗಳು ಮುಚ್ಚಿದವು. ಆ ಕಾವಲನ್ನು ಈಗ ಇ-ವೇ ಬಿಲ್ಲು ವಹಿಸಿಕೊಂಡಿದೆ. 2018ರ ಏಪ್ರಿಲ್ 1ರಿಂದ, 50,000 ರೂಪಾಯಿಗೆ ಮೀರಿದ ಸರಕು ರಾಜ್ಯದ ಗಡಿ ದಾಟಬೇಕಾದರೆ ಸಾಮಾನ್ಯವಾಗಿ ಇದು ಜೊತೆಗಿರಬೇಕು. 2021ರಿಂದ ಸಾಧಾರಣ ಸರಕಿಗೆ 200 ಕಿಲೋಮೀಟರಿಗೆ ಒಂದು ದಿನದಂತೆ ಅದರ ಅವಧಿಯನ್ನು ಲೆಕ್ಕ ಹಾಕುತ್ತಾರೆ.

ಇಷ್ಟೆಲ್ಲ ಬರಿಯ ಕಾಗದದ ಹೊರೆಯಲ್ಲವೆ ಎಂದು ನೀವು ಕೇಳಬಹುದು. ದಂಡವೊಂದೇ ಭಯವಾಗಿದ್ದರೆ ಆ ಮಾತನ್ನು ಒಪ್ಪಬಹುದಾಗಿತ್ತು. ಆದರೆ ರಹದಾರಿಯಿಲ್ಲದೆ ವಾಹನವನ್ನು ರಸ್ತೆಯಲ್ಲಿ ಓಡಿಸುವುದು ಮೂಲಭೂತವಾದ ಉಲ್ಲಂಘನೆಯೆಂದು 2018ರಲ್ಲಿ ಸುಪ್ರೀಂ ಕೋರ್ಟು ಒಂದು ಅಪಘಾತದ ಮೊಕದ್ದಮೆಯಲ್ಲಿ ತೀರ್ಮಾನಿಸಿತು. ವಿಮಾ ಕಂಪೆನಿಯು ನೊಂದವರಿಗೆ ಪರಿಹಾರವನ್ನು ಮೊದಲು ತೆತ್ತು, ಆ ಹಣವನ್ನು ಮಾಲೀಕನಿಂದ ವಸೂಲು ಮಾಡಿಕೊಳ್ಳಬಹುದೆಂದು ಅದರ ಮಾತು. ಎಂದರೆ, ವಿಮೆಯ ಕಂತನ್ನು ಕ್ರಮವಾಗಿ ಕಟ್ಟಿದವನೂ ರಹದಾರಿಯಿಲ್ಲದೆ ಹೋದರೆ, ಲಾರಿಯ ಸಾಲದ ಮೇಲೆ ಮತ್ತೊಬ್ಬರ ಪ್ರಾಣದ ಬೆಲೆಯನ್ನೂ ಹೊರಬೇಕಾಗುತ್ತದೆ. ಹೊಲಮನೆಗಳನ್ನು ಒತ್ತೆಯಿಟ್ಟು ಗಾಡಿ ಕೊಂಡ ಸಂಸಾರಕ್ಕೆ ಇದು ತಡೆಯಲಾರದ ಪೆಟ್ಟು.

ಆದಕಾರಣ ಲಾರಿಯ ಬೆಲೆಯನ್ನು ಲೆಕ್ಕ ಹಾಕುವ ದಿನವೇ ತೆರಿಗೆ, ವಿಮೆ, ಯೋಗ್ಯತಾ ಪತ್ರ, ರಹದಾರಿ, ಅಧಿಕಾರಪತ್ರ ಇವುಗಳ ಖರ್ಚನ್ನೂ, ಒಂದೊಂದೂ ಮುಗಿಯುವ ತಾರೀಖನ್ನೂ ಒಂದೇ ಹಾಳೆಯಲ್ಲಿ ಬರೆದಿಡುವುದು ಲೇಸು. ಈಗ ಇವುಗಳಲ್ಲಿ ಹೆಚ್ಚಿನವಕ್ಕೆ ಕೇಂದ್ರ ಸರಕಾರದ ಪರಿವಾಹನ್ ಜಾಲತಾಣದಲ್ಲೇ ಅರ್ಜಿ ಸಲ್ಲಿಸಬಹುದು. ಸರಕನ್ನು ಕಳಿಸುವ ನಗರದ ವರ್ತಕರೂ ಬಾಡಿಗೆಯನ್ನು ಗೊತ್ತುಮಾಡುವ ಮುನ್ನ ಈ ಪತ್ರಗಳನ್ನು ಕೇಳಿ ನೋಡುವ ಅಭ್ಯಾಸ ಮಾಡಿಕೊಂಡರೆ ಇಬ್ಬರಿಗೂ ಕ್ಷೇಮ.