ಒಂದು ಹೆಸರು, ಹಲವು ಕೇರಿ

ಬೇರೆ ಬೇರೆ ಜನರನ್ನು ಒಂದೇ ಹೆಸರಿನಿಂದ ಕರೆದ ಮಾತ್ರಕ್ಕೆ ಅವರು ಒಂದಾಗುವರೇ? ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಮೆಕ್ಸಿಕೋ, ಪೋರ್ಟೊರಿಕೋ, ಕ್ಯೂಬಾ ಮೂಲದವರನ್ನೆಲ್ಲ ‘ಲ್ಯಾಟಿನೋ’ ಎಂಬ ಒಂದೇ ಹೆಸರಿನಡಿ ತರುವ ವಾಡಿಕೆ ಇದೆ. 1980ರ ಜನಗಣತಿಯಲ್ಲಿ ಪ್ರತಿ ಮನೆಗೂ ಇಂಥ ಮೂಲವನ್ನು ಕೇಳುವ ಪ್ರಶ್ನೆ ಬಂದಿತು. ಆದರೆ ಫ್ಲಾರಿಡಾದ ಕ್ಯೂಬನ್ನರ ಒಲವು ಒಂದು ಪಕ್ಷದ ಕಡೆಗಾದರೆ ಕ್ಯಾಲಿಫೋರ್ನಿಯಾದ ಮೆಕ್ಸಿಕನ್ ಮೂಲದವರ ಒಲವು ಬಹುಕಾಲ ಇನ್ನೊಂದರ ಕಡೆಗಿತ್ತು. ಇರಲಿ, ಅಷ್ಟು ದೂರ ಹೋಗಬೇಕಾಗಿಲ್ಲ. ನಮ್ಮ ಮಾದಿಹಳ್ಳಿ ಹೋಬಳಿಯ ಯಾವ ಊರಿಗೆ ಹೋದರೂ ‘ಎ.ಕೆ. ಕಾಲೋನಿ’ ಎಂಬ ಮಾತು ಕಿವಿಗೆ ಬೀಳುತ್ತದೆ. ಆ ಎರಡು ಅಕ್ಷರಗಳಲ್ಲಿಯೇ ಈ ಪ್ರಶ್ನೆ ಅಡಗಿದೆ.

ಎ.ಕೆ. ಎಂದರೆ ಆದಿ ಕರ್ನಾಟಕ. ಊರ ಹೊರಗಿನ ಜನರನ್ನು ಮೈಸೂರು ಸಂಸ್ಥಾನದ ದಾಖಲೆಗಳು ಮೊದಲು ‘ಪಂಚಮ’ರೆಂದು ಬರೆಯುತ್ತಿದ್ದುವು. 1920ರ ದಶಕದಲ್ಲಿ ಆ ಸ್ಥಾನಕ್ಕೆ ಆದಿ ಕರ್ನಾಟಕ, ಆದಿ ದ್ರಾವಿಡ ಎಂಬ ಹೆಸರುಗಳು ಬಂದುವು. ಮದರಾಸಿನಲ್ಲಿ ಆದಿ ದ್ರಾವಿಡ, ತೆಲುಗು ನಾಡಿನಲ್ಲಿ ಆದಿ ಆಂಧ್ರ, ಪಂಜಾಬಿನಲ್ಲಿ ಆದಿಧರ್ಮ ಎಂದು ದೇಶದಲ್ಲೆಲ್ಲ ಆಗ ಈ ‘ಆದಿ’ ಶಬ್ದದ ಗಾಳಿ ಬೀಸಿತ್ತು. ಈ ನೆಲದ ಮೊದಲ ನಿವಾಸಿಗಳು ನಾವು ಎಂಬ ಅಭಿಮಾನ ಅದರಲ್ಲಿತ್ತು. ಬೈಗುಳವಾಗಿ ಬಳಕೆಯಾಗುತ್ತಿದ್ದ ಹೆಸರುಗಳನ್ನು ಕಳಚಿ ಹಾಕಲು ಅದಕ್ಕಿಂತ ಒಳ್ಳೆಯ ಉಪಾಯ ಆ ಕಾಲಕ್ಕೆ ಇರಲಿಲ್ಲವೆಂದೇ ನನ್ನ ಭಾವನೆ.

ಆದರೆ ಆ ಹೆಸರಿನ ಕೆಳಗೆ ಒಂದೇ ಜಾತಿಯವರು ಇರಲಿಲ್ಲ. ಒಂದು ಸೀಮೆಯಲ್ಲಿ ಹೊಲೆಯರು ಆದಿ ಕರ್ನಾಟಕರೆಂದು ಬರೆಸಿದರೆ ಮತ್ತೊಂದು ಸೀಮೆಯಲ್ಲಿ ಮಾದಿಗರು ಅದನ್ನೇ ಬರೆಸಿದರು. ಈ ಎರಡು ಜಾತಿಗಳ ನಡುವಣ ಗೆರೆ ಬಹಳ ಹಳೆಯದು. ಮೈಸೂರು ಸೀಮೆಯಲ್ಲಿ ಬಲಗೈ ಪಂಗಡಕ್ಕೆ ಹದಿನೆಂಟು ಪಣ, ಎಡಗೈ ಪಂಗಡಕ್ಕೆ ಒಂಬತ್ತು ಪಣ ಎನ್ನುತ್ತಿದ್ದರು. ಬಲಗೈಯ ಮುಂದಾಳುಗಳು ಬಣಜಿಗರು, ಅದರ ಕೊನೆಯಲ್ಲಿ ಹೊಲೆಯರು. ಎಡಗೈಯ ಮುಂದಾಳುಗಳು ಪಾಂಚಾಳರು, ಅದರ ಕೊನೆಯಲ್ಲಿ ಮಾದಿಗರು. ವರ್ತಕರಿಗೂ ಕುಶಲಕರ್ಮಿಗಳಿಗೂ ಬೀದಿಯ ಮೆರವಣಿಗೆಯ ಮರ್ಯಾದೆಗಾಗಿ ಜಗಳ. ಅದರಲ್ಲಿ ಬಡಿದಾಡಿದವರು ಈ ಇಬ್ಬರು! ಬಣಜಿಗರೂ ಪಾಂಚಾಳರೂ ಆ ಜಗಳವನ್ನು ಎಂದೋ ಮರೆತರು. ಎಡ, ಬಲ ಎಂಬ ಹೆಸರುಗಳು ಮಾತ್ರ ಕೊನೆಯ ಸಾಲಿನವರಲ್ಲಿಯೇ ಉಳಿದುವು. ನಮ್ಮ ಬೇಲೂರಿನ ಚೆನ್ನಕೇಶವಸ್ವಾಮಿಯ ಪಾದರಕ್ಷೆಯನ್ನು ಮಾಡಿಕೊಡುವ ಹಕ್ಕು ಮಾದಿಗರದೆಂಬ ಸಂಪ್ರದಾಯವನ್ನು ಹಳೆಯ ಗ್ರಂಥಗಳು ಹೇಳುತ್ತವೆ. ದೇವರ ಕಾಲಿಗೆ ಅವರು ಮಾಡಿದ ಜೋಡು ಆಗುತ್ತಿತ್ತು, ಅವರ ಕೈಯ ನೀರು ಮಾತ್ರ ಯಾರಿಗೂ ಆಗುತ್ತಿರಲಿಲ್ಲ, ಹೊಲಗೇರಿಯವರಿಗೂ ಆಗುತ್ತಿರಲಿಲ್ಲ. ನಾನು ಹೊಲಗೇರಿಯವನೇ ಆದುದರಿಂದ ಇದನ್ನು ಧೈರ್ಯವಾಗಿ ಬರೆಯುತ್ತಿದ್ದೇನೆ.

1935ರ ಕಾಯಿದೆ ‘ಪರಿಶಿಷ್ಟ ಜಾತಿ’ ಎಂಬ ಇನ್ನೂ ದೊಡ್ಡ ಹೆಸರನ್ನು ತಂದಿತು. 1950ರಲ್ಲಿ ಸಂವಿಧಾನದ 341ನೆಯ ಅನುಚ್ಛೇದದಂತೆ ಪಟ್ಟಿಯಾಯಿತು. ಕರ್ನಾಟಕದ ಪಟ್ಟಿಯಲ್ಲಿ ಈಗ 101 ಜಾತಿಗಳಿವೆ. ಹೊಲೆಯ, ಮಾದಿಗರಲ್ಲದೆ ಅಸ್ಪೃಶ್ಯತೆಯ ಬಾಧೆ ಅಷ್ಟಾಗಿ ತಟ್ಟದ ಲಂಬಾಣಿ, ಭೋವಿ, ಕೊರಚ, ಕೊರಮರೂ, ಊರೂರು ಅಲೆಯುವ ಸಣ್ಣ ಸಣ್ಣ ಪಂಗಡಗಳೂ ಇದರಲ್ಲಿ ಸೇರಿವೆ. 1973ರಲ್ಲಿ ಸಚಿವ ಬಿ. ಬಸವಲಿಂಗಪ್ಪನವರ ‘ಬೂಸಾ’ ಮಾತಿನ ಗಲಭೆಯ ತರುವಾಯ ಹುಟ್ಟಿದ ದಲಿತ ಸಂಘರ್ಷ ಸಮಿತಿಯಲ್ಲಿ ಎಡ ಬಲ ಎನ್ನದೆ ಯುವಕರು ಕೂಡಿದರು. ಆ ಒಗ್ಗಟ್ಟು ಸುಳ್ಳಲ್ಲ. ಆದರೆ ಬೀದಿಯ ಹೋರಾಟದಲ್ಲಿ ಸಾಧ್ಯವಾದುದು ನೌಕರಿಯ ಪಟ್ಟಿಯಲ್ಲಿ ಸಾಧ್ಯವಾಗಲಿಲ್ಲ. ಮೊದಲು ಶಾಲೆಯ ಮೆಟ್ಟಿಲೇರಿದವರಿಗೆ ಮೊದಲು ನೌಕರಿ; ಉಳಿದವರು ಹಿಂದೆ. ನಮಗೆ ಪ್ರತ್ಯೇಕ ಪಾಲು ಕೊಡಿ ಎಂಬ ಮಾದಿಗರ ಬೇಡಿಕೆಯ ಮೂಲ ಇದು.

2004ರಲ್ಲಿ ಆಂಧ್ರಪ್ರದೇಶದ ಚಿನ್ನಯ್ಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಪರಿಶಿಷ್ಟ ಜಾತಿಗಳೆಲ್ಲ ಒಂದೇ ವರ್ಗ, ಅದನ್ನು ಒಡೆಯುವ ಅಧಿಕಾರ ರಾಜ್ಯಗಳಿಗಿಲ್ಲ ಎಂದಿತು. 2005ರಲ್ಲಿ ನೇಮಕವಾದ ನ್ಯಾಯಮೂರ್ತಿ ಎ. ಜೆ. ಸದಾಶಿವ ಆಯೋಗ 2012ರಲ್ಲಿ ಕೊಟ್ಟ ವರದಿ ವರ್ಷಗಟ್ಟಲೆ ಕಪಾಟಿನಲ್ಲಿದ್ದಿತು. 2024ರ ಆಗಸ್ಟ್ 1ರಂದು ಏಳು ಮಂದಿ ನ್ಯಾಯಾಧೀಶರ ಪೀಠ, ಆರು ಮಂದಿಯ ಬಹುಮತದಿಂದ, ಹಳೆಯ ತೀರ್ಪನ್ನು ತಳ್ಳಿ ಒಳಮೀಸಲಾತಿಗೆ ಒಪ್ಪಿಗೆ ಕೊಟ್ಟಿತು. ಆಗ ನಮ್ಮ ಸರ್ಕಾರ ನ್ಯಾಯಮೂರ್ತಿ ಎಚ್. ಎನ್. ನಾಗಮೋಹನದಾಸ್ ಅವರ ಆಯೋಗವನ್ನು ನೇಮಿಸಿ 2025ರ ಮೇ ತಿಂಗಳಲ್ಲಿ ಮನೆಮನೆಯ ಸಮೀಕ್ಷೆ ಮಾಡಿಸಿತು.

ನಮ್ಮ ಮನೆಗೂ ಒಬ್ಬ ಮೇಷ್ಟರು ಬಂದರು. “ಎ.ಕೆ. ಅಂತ ಬರೆದರೆ ಸಾಲದು ಯಜಮಾನರೇ, ಒಳಗಿನದು ಹೇಳಬೇಕು” ಎಂದರು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, “ಎ.ಕೆ. ಅಂತ ನಾವೇನು ಹೇಳಿರಲಿಲ್ಲ ಸ್ವಾಮಿ. ಸ್ಕೂಲಿಗೆ ಸೇರಿಸುವಾಗ ನಿಮ್ಮಂಥ ಮೇಷ್ಟರೇ ಬರೆದುಕೊಂಡದ್ದು” ಎಂದರು. ಆಮೇಲೆ ಒಳಗಿನ ಹೆಸರನ್ನು ತಗ್ಗಿದ ದನಿಯಲ್ಲಿ ಹೇಳಿದರು. ಯಾವ ಹೆಸರನ್ನು ಮುಚ್ಚಿಡಲು ನೂರು ವರ್ಷದ ಹಿಂದೆ ಹೊಸ ಹೆಸರು ಹುಟ್ಟಿತೋ, ನ್ಯಾಯವಾದ ಪಾಲಿಗಾಗಿ ಅದೇ ಹೆಸರನ್ನು ಬಾಯಿಬಿಟ್ಟು ಹೇಳಬೇಕಾಗಿ ಬಂದಿತು. ಹೇಳದೆ ಆದಿ ಕರ್ನಾಟಕ, ಆದಿ ದ್ರಾವಿಡ, ಆದಿ ಆಂಧ್ರ ಎಂದಷ್ಟೇ ಬರೆಸಿದವರು ರಾಜ್ಯದಲ್ಲಿ ಸುಮಾರು 4.74 ಲಕ್ಷ ಮಂದಿ. ಇವರನ್ನು ಎಡಕ್ಕೆ ಎಣಿಸುವುದೋ ಬಲಕ್ಕೋ ಎಂಬುದೇ ಆಯೋಗಕ್ಕೆ ದೊಡ್ಡ ತೊಡಕಾಯಿತು. ಆಯೋಗ ಅವರಿಗೆ ಶೇಕಡ 1ರ ಬೇರೆ ಪಾಲನ್ನು ಸೂಚಿಸಿತು.

ಒಳಮೀಸಲಾತಿಯಿಂದ ದಲಿತರ ಒಗ್ಗಟ್ಟು ಒಡೆಯುವುದೆಂದು ನನ್ನ ಮಿತ್ರರಲ್ಲಿ ಕೆಲವರು ವಾದಿಸುತ್ತಾರೆ. 1906ರಿಂದ ಸಂಘ ಕಟ್ಟಿಕೊಂಡಿರುವ ಒಕ್ಕಲಿಗರಲ್ಲಿಯೂ ಗಂಗಡಿಕಾರ, ಮೊರಸು, ದಾಸ ಎಂಬ ಒಳಪಂಗಡಗಳಿಲ್ಲವೇ, ಅವರು ಒಂದಾಗಿಲ್ಲವೇ ಎನ್ನುತ್ತಾರೆ. ಹೋಲಿಕೆ ಸರಿಯಲ್ಲ. ಅಲ್ಲಿ ಹಂಚಿಕೊಳ್ಳಲು ಭೂಮಿಯಿದೆ. ಇಲ್ಲಿ ಇರುವುದು ನಾಲ್ಕು ಹುದ್ದೆ. ಒಂದೇ ತಟ್ಟೆಯಲ್ಲಿ ಉಣ್ಣೋಣ ಎಂದು, ಮೊದಲು ಕೈಯಿಟ್ಟವನೇ ಹೇಳಿದರೆ ಕೊನೆಯವನಿಗೆ ಅದು ಹೇಗೆ ಕೇಳಿಸೀತು?

2025ರ ಆಗಸ್ಟ್ 19ರಂದು ಸಚಿವ ಸಂಪುಟ ಆಯೋಗದ ಐದು ಗುಂಪುಗಳನ್ನು ಮೂರಕ್ಕಿಳಿಸಿ, ಶೇಕಡ 17ರಲ್ಲಿ ಎಡಗೈಯವರಿಗೆ 6, ಬಲಗೈಯವರಿಗೆ 6, ಉಳಿದವರಿಗೆ 5 ಎಂದು ತೀರ್ಮಾನಿಸಿತು. ‘ಆದಿ’ ಹೆಸರಿನವರಿಗೆ ಸೂಚಿಸಿದ್ದ ಬೇರೆ ಪಾಲು ಹೋಯಿತು. ಅದರೊಡನೆ, ತೀರ ಹಿಂದುಳಿದ 59 ಅಲೆಮಾರಿ ಸಮುದಾಯಗಳಿಗೆ ಆಯೋಗ ಸೂಚಿಸಿದ್ದ ಶೇಕಡ 1 ಕೂಡ ಹೋಗಿ, ಅವರು ಲಂಬಾಣಿ, ಭೋವಿಗಳ ಗುಂಪಿನಲ್ಲಿ ಸೇರಿದರು. ಎಡಗೈಯವರು ಮೂವತ್ತು ವರ್ಷ ಕೇಳಿದ ಪ್ರಶ್ನೆಯನ್ನೇ ಹಿಡಿದು ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕುಳಿತರು.