ಅದಿತಿ ಗೆದ್ದ ಆ ಓಪನ್

ಮಹಿಳಾ ಇಂಡಿಯನ್ ಓಪನ್ ಗಾಲ್ಫ್ ಟೂರ್ನಿಯ ಚರಿತ್ರೆ ಬರೆಯಹೊರಟರೆ ಮನಸ್ಸು ನೇರವಾಗಿ 2016ರ ನವೆಂಬರ್ 13ಕ್ಕೆ ಹೋಗಿ ನಿಲ್ಲುತ್ತದೆ. ಅಂದು ಗುರುಗ್ರಾಮದ ಡಿಎಲ್‌ಎಫ್ ಕೋರ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಕಪ್ ಎತ್ತಿದರು. ಆಗ ಅವರಿಗೆ ಹದಿನೆಂಟು ವರ್ಷ, ವೃತ್ತಿಪರ ಆಟಗಾರ್ತಿಯಾಗಿ ಇನ್ನೂ ಮೊದಲ ವರ್ಷ. ಮಹಿಳಾ ಯುರೋಪಿಯನ್ ಟೂರ್‌ನ ಪ್ರಶಸ್ತಿಯೊಂದನ್ನು ಭಾರತದ ಮಹಿಳೆ ಗೆದ್ದದ್ದು ಅದೇ ಮೊದಲು.

ಟೂರ್ನಿ ಶುರುವಾದದ್ದು 2007ರಲ್ಲಿ. ಮೊದಲ ವರ್ಷ ಗೆದ್ದವರು ತೈವಾನಿನ ಯಾನಿ ಸೆಂಗ್, ಮುಂದೆ ವಿಶ್ವದ ಒಂದನೇ ರ‍್ಯಾಂಕ್‌ಗೆ ಏರಿದವರು. 2010ರಲ್ಲಿ ಇದು ಮಹಿಳಾ ಯುರೋಪಿಯನ್ ಟೂರ್‌ಗೆ ಸೇರಿಕೊಂಡಿತು. ಆ ಸಲ ಇಂಗ್ಲೆಂಡಿನ ಹಿರಿಯ ಆಟಗಾರ್ತಿ ಲಾರಾ ಡೇವಿಸ್ ಗೆದ್ದರು. ಹೀಗೆ ವಿದೇಶದ ದೊಡ್ಡ ಹೆಸರುಗಳು ಬಂದು ಆಡಿ, ಗೆದ್ದು ಹೋಗುತ್ತಿದ್ದವು.

ಆ ಸಾಲನ್ನು ಮುರಿದ ಅದಿತಿ ಗಾಲ್ಫ್ ಹಿಡಿದದ್ದು ಐದರ ಆಸುಪಾಸಿನ ವಯಸ್ಸಿನಲ್ಲಿ. ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನದ ಪಕ್ಕದ ಹೋಟೆಲಿಗೆ ಮನೆಯವರೆಲ್ಲ ತಿಂಡಿಗೆ ಹೋಗುತ್ತಿದ್ದರು. ಕೂತಲ್ಲಿಂದಲೇ ಚೆಂಡು ಹೊಡೆಯುವವರು ಕಾಣುತ್ತಿದ್ದರು. ಒಮ್ಮೆ ಒಳಗೆ ಹೋಗಿ ನೋಡೋಣವೆಂದು ಹೊರಟ ಮಗುವಿನ ಜೊತೆ ಅಪ್ಪ ಅಶೋಕ್ ಕೂಡ ಆಟ ಕಲಿತರು. ರಿಯೊ ಒಲಿಂಪಿಕ್ಸ್‌ನಲ್ಲಿ ಮಗಳ ಬ್ಯಾಗ್ ಹೊತ್ತ ಕ್ಯಾಡಿ ಅಪ್ಪ. ಟೋಕಿಯೊದಲ್ಲಿ ಅಮ್ಮ ಮಾಹೇಶ್ವರಿ. ಒಂದು ಬ್ಯಾಗಿನಲ್ಲಿ ಹದಿನಾಲ್ಕು ಕ್ಲಬ್‌ಗಳವರೆಗೆ ಇರಬಹುದು. ಅಷ್ಟನ್ನೂ ಹೆಗಲಿಗೇರಿಸಿ ಹದಿನೆಂಟು ಕುಳಿ ನಡೆಯುವುದು ಹಗುರ ಕೆಲಸವಲ್ಲ.

ಅದಿತಿಯವರ ಶಕ್ತಿ ದೂರ ಹೊಡೆಯುವುದರಲ್ಲಿಲ್ಲ. ಎದುರಾಳಿಗಳು ಮೊದಲ ಏಟಿಗೇ ಅವರಿಗಿಂತ ಎಷ್ಟೋ ಮುಂದೆ ಹೋಗಿರುತ್ತಾರೆ. ಆ ಅಂತರವನ್ನು ಅವರು ತುಂಬಿಕೊಳ್ಳುವುದು ಕುಳಿಯ ಸುತ್ತಲಿನ ಗ್ರೀನ್ ಮೇಲೆ, ಪಟಿಂಗ್‌ನಲ್ಲಿ. ಕುಳಿಯ ಬಾಯಿ 108 ಮಿಲಿಮೀಟರ್ ಅಗಲ, ಅಷ್ಟೇ. ನೆಲ ಎತ್ತ ಇಳಿದಿದೆ, ಹುಲ್ಲು ಎತ್ತ ವಾಲಿದೆ ಎಂದು ಬಗ್ಗಿ ನೋಡಿ, ಚೆಂಡು ಎಲ್ಲಿ ತಿರುಗುತ್ತದೆಂದು ಲೆಕ್ಕ ಹಾಕಿ ಮೆಲ್ಲಗೆ ತಳ್ಳಬೇಕು. ಒಂದಿಷ್ಟು ಜೋರಾದರೂ ಚೆಂಡು ಅಂಚು ಸವರಿ ಆಚೆ ಹೋಗುತ್ತದೆ.

2016ರ ಓಪನ್ ನಡೆದ ಗುರುಗ್ರಾಮದ ಆ ಕೋರ್ಸ್ ದಕ್ಷಿಣ ಆಫ್ರಿಕಾದ ಗ್ಯಾರಿ ಪ್ಲೇಯರ್ ವಿನ್ಯಾಸಗೊಳಿಸಿದ್ದು, ಬಹಳ ಕಠಿಣ. ಮೂರು ಸುತ್ತಿಗೆ ಪಾರ್, ಅಂದರೆ ನಿಗದಿತ ಹೊಡೆತಗಳು, 216. ಅದಿತಿ 213 ಹೊಡೆತಗಳಲ್ಲಿ ಮುಗಿಸಿದರು. ಕೊನೆಯ ಕುಳಿಯಲ್ಲಿ ಗಳಿಸಿದ ಬರ್ಡಿಯೇ (ಪಾರ್‌ಗಿಂತ ಒಂದು ಹೊಡೆತ ಕಡಿಮೆ) ಗೆಲುವಿನ ಹೊಡೆತವಾಯಿತು. ಒಂದೇ ಹೊಡೆತ ಹಿಂದೆ ಉಳಿದವರು ಸ್ಪೇನಿನ ಬೆಲೆನ್ ಮೋಜೊ ಮತ್ತು ಅಮೆರಿಕದ ಬ್ರಿಟನಿ ಲಿನ್ಸಿಕಮ್. ಲಿನ್ಸಿಕಮ್ ಗಾಲ್ಫ್‌ನ ಅತಿ ದೊಡ್ಡ ಟೂರ್ನಿಗಳಾದ ಮೇಜರ್‌ಗಳಲ್ಲಿ ಎರಡನ್ನು ಗೆದ್ದಿದ್ದವರು. ಅಂಥವರನ್ನು ನಮ್ಮ ಹುಡುಗಿ ನಮ್ಮ ನೆಲದಲ್ಲೇ ಎದುರಿಸುವಂತಾದದ್ದು ಈ ಟೂರ್ನಿಯಿಂದ. ನನಗೆ ಇದರ ದೊಡ್ಡ ಉಪಕಾರ ಅದೇ ಎನಿಸುತ್ತದೆ.

ಐದು ವರ್ಷದ ನಂತರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ, ರ‍್ಯಾಂಕಿಂಗ್‌ನಲ್ಲಿ 200ನೇ ಸ್ಥಾನದಲ್ಲಿದ್ದ ಅದಿತಿ ಒಂದೇ ಹೊಡೆತದಿಂದ ಪದಕ ಕಳೆದುಕೊಂಡು ನಾಲ್ಕನೆಯವರಾದರು. ಗಾಲ್ಫ್ ಗೊತ್ತಿಲ್ಲದವರೂ ಆ ಬೆಳಗ್ಗೆ ಟೀವಿ ಮುಂದೆ ಕೂತಿದ್ದರು. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಅವರಿಗೆ ಬೆಳ್ಳಿ ಬಂತು. ಅಲ್ಲಿ ಆಡಿದ ಭಾರತದ ಮಹಿಳಾ ತಂಡದ ಮೂವರೂ ಕರ್ನಾಟಕದವರೇ: ಬೆಂಗಳೂರಿನ ಅದಿತಿ, ಅವನಿ ಪ್ರಶಾಂತ್ ಮತ್ತು ಮೈಸೂರಿನ ಪ್ರಣವಿ ಅರಸ್.

ಆದರೂ ಈ ಆಟ ಇನ್ನೂ ಕ್ಲಬ್ಬಿನ ಗೇಟಿನ ಒಳಗೇ ಇದೆ. ಸದಸ್ಯತ್ವ, ಕ್ಲಬ್‌ಗಳ ಬೆಲೆ, ಕೋಚಿಂಗ್, ಪ್ರಯಾಣ ಎಂದು ಖರ್ಚು ಏರುತ್ತಲೇ ಹೋಗುತ್ತದೆ. ಸರ್ಕಾರಿ ಶಾಲೆಯ ಹುಡುಗಿಯೊಬ್ಬಳು ಕೈಗೆ ಕ್ಲಬ್ ಹಿಡಿದು ನೋಡುವಂಥ ಸಾರ್ವಜನಿಕ ಅಭ್ಯಾಸದ ಜಾಗ ಜಿಲ್ಲೆಗೊಂದಾದರೂ ಬೇಡವೇ?

ಕೋವಿಡ್‌ನಿಂದ 2020 ಮತ್ತು 2021ರಲ್ಲಿ ಓಪನ್ ನಡೆಯಲಿಲ್ಲ. ಅದಿತಿಯ ನಂತರ ಫ್ರಾನ್ಸ್, ವೇಲ್ಸ್, ಆಸ್ಟ್ರಿಯಾ, ಜರ್ಮನಿ, ಇಂಗ್ಲೆಂಡಿನವರು ಗೆದ್ದರು. 2025ರಲ್ಲಿ ಸಿಂಗಪುರದ ಶಾನನ್ ಟಾನ್ ಗೆದ್ದರು. ವಿಜೇತರ ಪಟ್ಟಿಯಲ್ಲಿ ಭಾರತದ ಹೆಸರು ಈಗಲೂ ಒಂದೇ ಇದೆ. ಪ್ರಣವಿ ಆಡುತ್ತಿದ್ದಾರೆ, ಅವನಿ ಆಡುತ್ತಿದ್ದಾರೆ. ಎರಡನೆಯ ಹೆಸರಿಗೆ ಇನ್ನೆಷ್ಟು ವರ್ಷ ಕಾಯಬೇಕೋ.